ಕಿರ್ ಅನ್ನುವುದೋ, ಕಿಚ್ ಅನ್ನುವುದೋ?

"ತಮ್ಮಾ, ನಿನ್ನ ಗಾಡ್ಯಾಗ ಇಲಿ ಹೊಕ್ಕೈತೇನು ನೋಡಪಾ."

ಪ್ರಯಾಗದ ದಾರಿಯಲ್ಲಿ, ಹಿಂದಿನ ಸೀಟಿನಿಂದ ಗದಗದ ಕಡೆಯ ಅಜ್ಜಿಯೊಬ್ಬರು ಹೀಗೆಂದದ್ದು 2025ರ ಜನವರಿಯಲ್ಲಿ. ಕುಂಭಮೇಳ ಶುರುವಾಗಿ ವಾರ ಕಳೆದಿತ್ತು. ನಸುಕಿನ ಐದಕ್ಕೆ ಕಾಶಿಯ ಸೋನಾರ್‌ಪುರ ಬಿಟ್ಟಿದ್ದೆವು. ಹೊರಗೆ ಕೈಚಾಚಿದರೆ ಕೈ ಕಾಣದಂಥ ಮಂಜು, ಒಳಗೆ ನನ್ನನ್ನೂ ಸೇರಿಸಿ ಏಳು ಜನ. ರಸ್ತೆಯ ಸಣ್ಣ ಏರಿಳಿತಕ್ಕೂ ಡ್ಯಾಶ್‌ಬೋರ್ಡಿನ ಕಡೆಯಿಂದ ಆ ಸದ್ದು. ನನಗೆ ಅದು ಹದಿನೈದು ದಿನದಿಂದ ಕೇಳಿಸುತ್ತಿತ್ತು. ಹಾಡಿನ ವಾಲ್ಯೂಮ್ ಏರಿಸಿಕೊಂಡು, ಕೇಳಿಸದವನ ಹಾಗೆ ದಿನ ದೂಡುತ್ತಿದ್ದೆ.

"ಇಲಿ ಅಲ್ಲರೀ ಅವ್ವಾ, ಪ್ಲಾಸ್ಟಿಕ್ ಸಪ್ಪಳ. ಚಳಿಗೆ ಕಿರ್ ಅಂತದ."

"ಕಿರ್ ಅನ್ನೂದಲ್ಲೋ ಇದು. ತೊಟ್ಟಿಲ ಹಗ್ಗ ಕಿರ್ ಅಂತೈತಿ. ಚಕ್ಕಡಿ ಗಾಲಿ ಕಿರ್ರೋ ಅಂತೈತಿ. ಇದು ಕಿಚ್ ಅಂತೈತಿ, ಇಲಿಮರಿ ಹಂಗ. ಕೀಲೆಣ್ಣಿ ಹಾಕಸು."

ಅಲ್ಲಿಂದ ಮುಂದೆ ಗಾಡಿಯಲ್ಲಿದ್ದ ಯಾರೂ ಬೇರೆ ಮಾತಾಡಲಿಲ್ಲ. ಪ್ರತಿ ಹಂಪ್‌ಗೂ ಆರು ಜನ ಕಿವಿ ನೆಟ್ಟು ಕಾಯುವುದು, ಸದ್ದು ಬಂದೊಡನೆ "ಬಲಕ್ಕ", "ಅಲ್ಲ, ಮ್ಯಾಲ", "ಕಾಲಬುಡದಾಗ" ಎಂದು ತೀರ್ಪು ಕೊಡುವುದು. ಸಂಗಮ ಇನ್ನೂ ಏಳೆಂಟು ಕಿಲೋಮೀಟರ್ ಇರುವಾಗ ವಾಹನಗಳ ಸಾಲು ನಿಂತುಬಿಟ್ಟಿತು. ಗಾಡಿ ನಿಂತಿತು, ಸದ್ದೂ ನಿಂತಿತು. ಅಜ್ಜಿಗೆ ಅದೇ ಬೇಸರವಾದಂತೆ ಕಂಡಿತು.

ನನ್ನ ಬಗ್ಗೆ ಎರಡು ಮಾತು. ಅಪ್ಪ ರಾಣೆಬೆನ್ನೂರಿನಿಂದ ಜಂಗಮವಾಡಿ ಮಠದಲ್ಲಿ ಓದಲು ಬಂದು, ಓದು ಮುಗಿದರೂ ಊರಿಗೆ ಹೋಗದೆ ಇಲ್ಲೇ ಉಳಿದವರು. ನಾನು ಹುಟ್ಟಿದ್ದೇ ಸೋನಾರ್‌ಪುರದಲ್ಲಿ. ಗೊದೌಲಿಯಾದಿಂದ ಮಠ, ಮದನಪುರ ದಾಟಿ ದಕ್ಷಿಣಕ್ಕೆ ಬಂದರೆ ನಮ್ಮ ಬೀದಿ. ಎಡಕ್ಕೆ ಯಾವ ಗಲ್ಲಿ ಹಿಡಿದರೂ ಕೊನೆಗೆ ಗಂಗೆ: ಕೇದಾರ ಘಾಟ್, ಹರಿಶ್ಚಂದ್ರ ಘಾಟ್, ಅದರ ಮಗ್ಗುಲಿಗೆ ಹಿಂದೆ ಮೈಸೂರು ಘಾಟ್ ಅನ್ನಿಸಿಕೊಂಡಿದ್ದ ಕರ್ನಾಟಕ ಘಾಟ್, ಆಮೇಲೆ ಹನುಮಾನ್ ಘಾಟ್. ಕನ್ನಡದ ಯಾತ್ರಿಕರನ್ನು ಪ್ರಯಾಗ, ಗಯಾ, ಸಾರನಾಥಕ್ಕೆ ಕರೆದೊಯ್ಯುವುದು ನನ್ನ ಕಸುಬು. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ಯಾತ್ರೆಯ ರೈಲು ಹೊರಟ ಮೇಲಂತೂ ನನ್ನ ಫೋನಿಗೆ ಪುರುಸೊತ್ತಿಲ್ಲ. ಏಳು ಸೀಟಿನ ಗಾಡಿ. ಕಂಪನಿಯ ಹೆಸರು ಬೇಡ. ಈ ರೋಗ ಬರದ ಕಂಪನಿ ಯಾವುದೂ ಇಲ್ಲ.

ಗಾಡಿಯ ಒಳಹೊದಿಕೆ ಎಂದರೆ ಕಬ್ಬಿಣದ ಮೈಯನ್ನು ಮುಚ್ಚಿದ ಪ್ಲಾಸ್ಟಿಕ್ಕು, ಬಟ್ಟೆ, ರೆಕ್ಸಿನ್. ಡ್ಯಾಶ್‌ಬೋರ್ಡು, ಬಾಗಿಲ ಒಳಮೈ, ಮುಂಗಾಜಿನ ಎರಡೂ ಪಕ್ಕದ ಕಂಬಗಳ ಮುಚ್ಚಳ, ಮೇಲಿನ ಚಾವಣಿ. ಇವನ್ನು ಹಿಡಿದಿಟ್ಟಿರುವುದು ಹೆಚ್ಚಾಗಿ ಸ್ಕ್ರೂ ಅಲ್ಲ, ಬೆರಳ ತುದಿಯಷ್ಟು ಗಾತ್ರದ ಪ್ಲಾಸ್ಟಿಕ್ ಕ್ಲಿಪ್ಪುಗಳು. ಇಲ್ಲಿನ ಮೆಕ್ಯಾನಿಕ್‌ಗಳು ಅದಕ್ಕೆ 'ಲಾಕ್' ಅನ್ನುತ್ತಾರೆ. ಒಂದು ಲಾಕ್ ಮುರಿದರೂ ಹೊದಿಕೆ ಬೀಳುವುದಿಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಅಂಚು ಕೂದಲೆಳೆಯಷ್ಟು ಸರಿದು ಪಕ್ಕದ ತುಂಡಿಗೆ ತಾಗುತ್ತದೆ. ಅಲ್ಲಿಂದ ಸಂಗೀತ ಶುರು.

ನಾನು ಮೊದಲು ಮಾಡಿದ್ದೆಲ್ಲ ತಪ್ಪು. ಅಜ್ಜಿಯ ಕೀಲೆಣ್ಣೆ ಮಾತು ತಲೆಯಲ್ಲಿ ಕೂತಿತ್ತು. ಮನೆಯಲ್ಲಿದ್ದ ಹೊಲಿಗೆ ಯಂತ್ರದ ಎಣ್ಣೆಯನ್ನು ಬಾಗಿಲಂಚಿನ ರಬ್ಬರ್ ಪಟ್ಟಿಗೆ ಸುತ್ತಲೂ ಸವರಿದೆ. ಎರಡು ದಿನ ಬಾಗಿಲು ತೆಪ್ಪಗಿತ್ತು. ಆಮೇಲೆ ನೋಡಿದರೆ ಧೂಳು ಹತ್ತಿ ಕರ್ರಗಾಗಿ, ರಬ್ಬರು ಅಲ್ಲಲ್ಲಿ ಉಬ್ಬಿತ್ತು. ಈ ಪಟ್ಟಿ ಸಾಮಾನ್ಯವಾಗಿ ಇ.ಪಿ.ಡಿ.ಎಂ. ಎಂಬ ಜಾತಿಯ ರಬ್ಬರು. ಮಳೆ, ಬಿಸಿಲು ಎಷ್ಟು ಬೇಕಾದರೂ ತಡೆಯುತ್ತದೆ, ಪೆಟ್ರೋಲಿಯಂ ಎಣ್ಣೆಯನ್ನು ಮಾತ್ರ ತಡೆಯದು. ಅದಕ್ಕೆ ಹಾಕಬೇಕಾದದ್ದು ಸಿಲಿಕೋನ್ ಗ್ರೀಸು, ಅದೂ ಬಟ್ಟೆಯಲ್ಲಿ ತೆಳ್ಳಗೆ ಒರೆಸಿದಂತೆ. ಅದು ಗಾಜಿಗೆ ತಾಗಿದರೆ ಮಳೆಯಲ್ಲಿ ವೈಪರ್ ಮಸಕು ಎಳೆಯುತ್ತದೆ, ಆ ಎಚ್ಚರವೂ ಬೇಕು.

ಆಮೇಲೆ ಸರ್ವಿಸ್ ಸೆಂಟರಿಗೆ ಹೋದೆ. ಹುಡುಗ ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಒಂದು ಸುತ್ತು ಹೊಡೆದು ಬಂದು, "ಗುರೂ, ಕುಛ್ ನಹೀಂ ಹೈ" ಎಂದ. ಅವನು ಸುಳ್ಳು ಹೇಳಲಿಲ್ಲ. ನಸುಕಿನ ಎಂಟು ಡಿಗ್ರಿಯಲ್ಲಿ ಬರುವ ಸದ್ದು ಮಧ್ಯಾಹ್ನಕ್ಕೆ ಎಲ್ಲಿ ಬರಬೇಕು? ಆಮೇಲೆ ನಾನೇ ಡ್ಯಾಶ್‌ಬೋರ್ಡಿನ ಸಂದಿಗೆ ಸ್ಪಂಜಿನ ತುಂಡು ತುರುಕಿದೆ. ಸದ್ದು ಕಡಿಮೆಯಾಗುವ ಬದಲು ಎರಡಾಯಿತು.

ಹೀಗೆ ಕೈಸೋತ ಮೇಲೆ ಅಜ್ಜಿ ಹೇಳಿದ ಇನ್ನೊಂದು ಮಾತು ನೆನಪಾಯಿತು. ಕಿರ್ ಬೇರೆ, ಕಿಚ್ ಬೇರೆ ಅಂದಿದ್ದರಲ್ಲ, ಅದು. ಚಿಕ್ಕಂದಿನಲ್ಲಿ ಅಪ್ಪ ಬಾಯಿಪಾಠ ಮಾಡಿಸಿದ್ದ ಅನುಕರಣಾವ್ಯಯ. ಚಟಪಟ, ದಬದಬ, ಸರಸರ. ಹಿಂದಿಯಲ್ಲಿ ಮಾತಾಡುತ್ತ ಮಾತಾಡುತ್ತ ನಾನು ಎಲ್ಲದಕ್ಕೂ 'ಆವಾಜ್' ಎಂಬ ಒಂದೇ ಪದ ಬಳಸುತ್ತಿದ್ದೆ. ಮೆಕ್ಯಾನಿಕ್‌ಗೆ 'ಆವಾಜ್ ಬರ್ತಿದೆ' ಅನ್ನುವುದು, ಡಾಕ್ಟರಿಗೆ 'ನೋವಿದೆ' ಎಂದಷ್ಟೇ ಹೇಳಿ ಸುಮ್ಮನಾದ ಹಾಗೆ. ಎಲ್ಲಿ, ಎಂಥ ನೋವು, ಚುಚ್ಚುತ್ತದೋ ಉರಿಯುತ್ತದೋ ಹೇಳಬೇಡವೇ?

ಒಂದು ಹಳೆಯ ಡೈರಿ ತೆಗೆದುಕೊಂಡು ಗಾಡಿಯ ಸದ್ದುಗಳನ್ನೆಲ್ಲ ಕನ್ನಡದಲ್ಲಿ ಬರೆಯಲು ಕುಳಿತೆ. ಬರೆದಂತೆ ಬರೆದಂತೆ ಅವು ತಾವಾಗಿಯೇ ಮೂರು ಗುಂಪಾದವು.

ಟಕ್, ಕಟಕಟ, ಲೊಟಲೊಟ: ಇವು ಬಡಿತದವು. ಎರಡು ವಸ್ತುಗಳ ನಡುವೆ ಜಾಗವಿದೆ, ಗಾಡಿ ಕುಲುಕಿದಾಗ ಒಂದು ಇನ್ನೊಂದಕ್ಕೆ ಬಡಿಯುತ್ತದೆ. ಜಾಗ ತುಂಬಿಸಿದರೆ ಮುಗಿಯಿತು, ಇಲ್ಲವೇ ಬಿಗಿ ಮಾಡಬೇಕು. ಝುಂ, ಝರ್ರ್: ಇವು ತೆಳು ತಗಡಿನವು. ರಸ್ತೆಗಿಂತ ಇಂಜಿನ್ನಿನ ಓಟಕ್ಕೆ ಓಗೊಡುತ್ತವೆ. ಒಂದು ವೇಗದಲ್ಲಿ ಮಾತ್ರ ಬಂದು, ಸ್ವಲ್ಪ ಏರಿಸಿದರೆ ಮಾಯ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಹುಡುಕಬಹುದು. ಇನ್ನು ಕಿರ್, ಕೀಚ್, ಕಿಚ್. ಇವು ಉಜ್ಜಾಟದವು, ನನ್ನ ತಲೆ ತಿಂದದ್ದು ಇವೇ.

ಉಜ್ಜಿದರೆ ಸದ್ದು ಯಾಕೆ ಬರಬೇಕು? ಎರಡು ಮೈಗಳು ಒತ್ತಿಕೊಂಡಿವೆ ಅನ್ನಿ. ಒಂದು ಸರಿಯಲು ನೋಡುತ್ತದೆ, ಇನ್ನೊಂದು ಹಿಡಿದಿಟ್ಟುಕೊಳ್ಳುತ್ತದೆ. ಒತ್ತಡ ಏರುತ್ತದೆ, ಹಿಡಿತ ತಪ್ಪಿ ಚಕ್ಕನೆ ಜಾರುತ್ತದೆ, ಜಾರಿದ್ದೇ ಮತ್ತೆ ಹಿಡಿಯುತ್ತದೆ. ಹಿಡಿ, ಬಿಡು, ಹಿಡಿ, ಬಿಡು. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ ಸರಿಯುತ್ತಿರುವುದನ್ನು ಸರಿಸಲು ಬೇಕಾದ ಬಲಕ್ಕಿಂತ ಹೆಚ್ಚು, ಅದಕ್ಕೇ ಈ ಜಗ್ಗಾಟ. ಸೆಕೆಂಡಿಗೆ ಸಾವಿರಾರು ಸಲ ಹೀಗಾದರೆ ಕಿಚ್. ನಮ್ಮ ಕಿವಿ ಅತಿ ಚುರುಕಾಗಿರುವುದು ಸುಮಾರು ಎರಡು ಸಾವಿರದಿಂದ ಐದು ಸಾವಿರ ಹರ್ಟ್ಸ್ ನಡುವೆ. ಹಾಗಾಗಿ ಸಾಸಿವೆಯಷ್ಟು ಸಣ್ಣ ಸದ್ದೂ ಆ ಎತ್ತರದಲ್ಲಿ ಬಂದರೆ ಸೂಜಿಯಂತೆ ಚುಚ್ಚುತ್ತದೆ.

ಪಿಟೀಲಿನದೂ ಇದೇ ಆಟ. ರಾಳ ಹಚ್ಚಿದ ಕಮಾನು ತಂತಿಯನ್ನು ಹಿಡಿದು ಎಳೆಯುತ್ತದೆ, ಬಿಡುತ್ತದೆ. ಮುಂದೆ ಬೆಂಗಳೂರನ್ನೇ ಊರು ಮಾಡಿಕೊಂಡ ಸಿ.ವಿ. ರಾಮನ್, ಕಲ್ಕತ್ತೆಯಲ್ಲಿದ್ದಾಗ, 1918ರಲ್ಲಿ, ಬೆಳಕಿನ ಚದುರುವಿಕೆಗೆ ಕೈಹಾಕುವ ಮೊದಲು, ಕಮಾನಿನ ತಂತಿ ಹೇಗೆ ಅದಿರುತ್ತದೆ ಎಂಬುದರ ಬಗ್ಗೆಯೇ ದೊಡ್ಡ ಪ್ರಬಂಧ ಬರೆದಿದ್ದರು. ತಂಬೂರಿಯ ನಾದದ ಗುಟ್ಟನ್ನೂ ಅವರು ಹುಡುಕಿದವರು. ನಮ್ಮ ಗಲ್ಲಿಯಲ್ಲಿ ತಂಬೂರಿ ಸರಿಮಾಡುವ ಹಿರಿಯರೊಬ್ಬರಿದ್ದಾರೆ. ತಂತಿಗೆ ಆಸರೆಯಾದ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ದಾರದ ಎಳೆ ಇಟ್ಟು ಅತ್ತಿತ್ತ ಸರಿಸುತ್ತ ಕೂರುತ್ತಾರೆ. ಒಂದು ಜಾಗದಲ್ಲಿ ತಂತಿ ಇದ್ದಕ್ಕಿದ್ದಂತೆ ಝೇಂಕರಿಸತೊಡಗುತ್ತದೆ. ನಾವು ಜೀವಾಳಿ ಅನ್ನುವುದು ಇದಕ್ಕೇ. ನನ್ನ ಗೋಳು ಕೇಳಿ ಅವರು ನಕ್ಕರು: "ನಾನು ದಾರ ಇಟ್ಟು ಸದ್ದು ಹುಟ್ಟಿಸುತ್ತೇನೆ, ನೀನು ದಾರ ಇಟ್ಟು ಸದ್ದು ಕೊಲ್ಲು. ಜಾಗ ಹುಡುಕುವ ಕೆಲಸ ಇಬ್ಬರದೂ ಒಂದೇ."

ಉಜ್ಜಾಟದ ಸದ್ದಿಗೆ ಔಷಧಿ ಬಡಿತದ್ದಕ್ಕೆ ತದ್ವಿರುದ್ಧ. ಬಡಿತಕ್ಕೆ ಬಿಗಿ ಮಾಡಬೇಕು. ಕಿಚ್ ಅನ್ನುವುದನ್ನು ಬಿಗಿ ಮಾಡಿದಷ್ಟೂ ಕಿಚಾಯಿಸುತ್ತದೆ. ಅಲ್ಲಿ ಬೇಕಾದದ್ದು ಬಿಡುವು, ಇಲ್ಲವೇ ನಡುವೆ ಮೆತ್ತನೆಯ ಪದರ. ನನ್ನ ಸ್ಪಂಜು ಯಾಕೆ ಕೆಲಸ ಕೆಡಿಸಿತು ಎಂದು ಆಗ ಗೊತ್ತಾಯಿತು. ಯಾವ ಪ್ಲಾಸ್ಟಿಕ್ಕಿಗೆ ಯಾವುದು ತಾಗಿದರೆ ಕಿರುಚುತ್ತದೆ ಎಂಬುದನ್ನು ಗಾಡಿ ಕಂಪನಿಗಳು ಮೊದಲೇ ಯಂತ್ರದಲ್ಲಿ ಉಜ್ಜಿ ನೋಡುತ್ತವೆ. ಜರ್ಮನಿಯ ವಾಹನ ಉದ್ಯಮ ಸಂಘ ಇದಕ್ಕೆಂದೇ ಒಂದು ಮಾನದಂಡ ಮಾಡಿದೆ. ಪ್ರತಿ ಜೋಡಿಗೂ ಒಂದರಿಂದ ಹತ್ತರವರೆಗೆ ಅಂಕ. ಹೆಚ್ಚು ಅಂಕ ಬಂದದ್ದು ಫೇಲು. ಆದರೆ ಧೂಳು ತುಂಬಿದ ಸಂದಿಗೆ, ಮುರಿದ ಲಾಕಿಗೆ ಯಾವ ಮಾನದಂಡವೂ ಇಲ್ಲ.

ಹುಡುಕಾಟಕ್ಕೆ ಒಂದು ಭಾನುವಾರ ಬಿಡುವು ಮಾಡಿಕೊಂಡೆ. ಮೊದಲ ಕೆಲಸ, ಗಾಡಿಯನ್ನು ಪೂರ್ತಿ ಬರಿದು ಮಾಡುವುದು. ಇದನ್ನು ಯಾರೂ ಮಾಡುವುದಿಲ್ಲ, ನಾನೂ ಮಾಡಿರಲಿಲ್ಲ. ಗ್ಲೌವ್ ಬಾಕ್ಸಿನಿಂದ ನಾಣ್ಯಗಳು, ಎರಡು ಕನ್ನಡಕ, ಯಾರದೋ ಅಡಕತ್ತರಿ. ಕನ್ನಡಿಗೆ ಕಟ್ಟಿದ ಕಾಶಿದಾರದ ತುದಿಯಲ್ಲಿ ಒಂದು ಪುಟ್ಟ ಗೆಜ್ಜೆ. ಡಿಕ್ಕಿಯಲ್ಲಿ ಜಾಕು, ಅದರ ಹಿಡಿಕೆ ಪಟ್ಟಿಯಿಂದ ಕಳಚಿಕೊಂಡು ಓಲಾಡುತ್ತಿತ್ತು. ಹಿಂದಿನ ಸಾಲಿನ ಸೀಟಿನಡಿ, ಕಂಬಳಿಯ ಹಿಂದೆ, ಬಾಯಿಗೆ ಬೆಸುಗೆ ಹಾಕಿದ ಗಂಗಾಜಲದ ತಾಮ್ರದ ಗಿಂಡಿ! ಡೈರಿಯಲ್ಲಿ 'ಟಕ್, ಎಡಕ್ಕೆ ತಿರುಗುವಾಗ ಮಾತ್ರ' ಎಂದು ನಾನು ಬರೆದುಕೊಂಡಿದ್ದ ಸದ್ದು ಅದೇ. ಯಾವ ಯಾತ್ರಿಕರದೋ, ಎಷ್ಟು ತಿಂಗಳಿನದೋ. ಊರಲ್ಲಿ ಗಂಗಾಪೂಜೆಗೆ ಕಾದ ಮನೆಯವರು ಏನು ಮಾಡಿದರೋ ಎಂದು ಹೆಂಡತಿ ಪೇಚಾಡಿಕೊಂಡಳು. ಗಿಂಡಿ ಈಗ ನಮ್ಮ ದೇವರ ಗೂಡಿನಲ್ಲಿದೆ. ಕಳೆದುಕೊಂಡವರು ಕೇಳಿದರೆ ಕೊಡುತ್ತೇನೆ.

ಖಾಲಿ ಮಾಡಿದ ಮೇಲೆ ಉಳಿದ ಟಕ್‌ಗಳು ಸುಲಭ. ಹಿಂದಿನ ಸೀಟಿನ ಬೆನ್ನು ಸಿಕ್ಕಿಸುವ ಕಬ್ಬಿಣದ ಕೊಂಡಿಗೆ, ವೈರಿಂಗ್ ಹುಡುಗರು ಸುತ್ತುವ ಬಟ್ಟೆಯ ಟೇಪನ್ನು ಎರಡು ಸುತ್ತು ಸುತ್ತಿದೆ. ಎರಡು ವರ್ಷದ ಲೊಟಲೊಟ ಐದು ನಿಮಿಷದಲ್ಲಿ ನಿಂತಿತು. ಯಾರೂ ಕೂರದ ಸೀಟಿನ ಬೆಲ್ಟಿನ ನಾಲಿಗೆ ಪಕ್ಕದ ಕಂಬಕ್ಕೆ ಬಡಿಯುತ್ತಿತ್ತು, ಅದನ್ನು ಸಿಕ್ಕಿಸಿಟ್ಟೆ.

ಉಳಿದದ್ದು ಅಜ್ಜಿಯ ಕಿಚ್. ಅದು ಬರುವ ಹೊತ್ತಿಗೆ, ಅದು ಬರುವ ರಸ್ತೆಗೇ ಹೋಗಬೇಕು. ಮರುದಿನ ನಸುಕಿನ ಐದಕ್ಕೆ ಮಗಳನ್ನು ಎಬ್ಬಿಸಿದೆ. ಇಲ್ಲಿ ಇಂಟರ್ ಅನ್ನುವ ಪಿಯುಸಿ ಓದುವ ಹುಡುಗಿ, ಬೈದುಕೊಂಡೇ ಬಂದಳು. ಭೇಲೂಪುರದಿಂದ ಲಂಕಾ ಬಡಾವಣೆಯವರೆಗೆ ಆ ಹೊತ್ತಿನಲ್ಲಿ ಹಾಲಿನವರ ಸೈಕಲ್ಲು ಬಿಟ್ಟರೆ ರಸ್ತೆ ಖಾಲಿ. ಮೊದಲ ಸುತ್ತಿನಲ್ಲಿ ಇಬ್ಬರಿಗೂ ಜಗಳ. ನಾನು ಬಲ ಅಂದರೆ ಅವಳು ಎಡ. ಇಬ್ಬರೂ ಸರಿ ಕೇಳಿಸಿಕೊಂಡಿದ್ದೆವು: ಗಾಡಿಯೊಳಗೆ ಎಲ್ಲೆಡೆ ಗಾಜು, ಸಣ್ಣ ಚೂಪು ಸದ್ದು ಗಾಜಿಗೆ ಬಡಿದು ಚಿಮ್ಮಿ, ಹುಟ್ಟಿದ ಜಾಗ ಬಿಟ್ಟು ಬೇರೆಡೆಯಿಂದ ಬಂದಂತೆ ಕೇಳುತ್ತದೆ. ಅದಕ್ಕೆ ಒಂದು ಮಾರುದ್ದದ ನೀರಿನ ಪೈಪು ತಂದಿದ್ದೆ. ಒಂದು ತುದಿ ಅವಳ ಕಿವಿಗೆ, ಇನ್ನೊಂದನ್ನು ಸಂದಿಯಿಂದ ಸಂದಿಗೆ ಸರಿಸುವುದು. ಡಾಕ್ಟರ ಸ್ಟೆತಾಸ್ಕೋಪಿನ ಬಡ ತಮ್ಮ. ಗಾಡಿ ನಡೆಸುವವನು ಇದನ್ನು ಮಾಡಲು ಹೋಗಬಾರದು. ಇನ್ನೊಬ್ಬರು ಬೇಕೇ ಬೇಕು, ಅವರು ಬೆಲ್ಟು ಹಾಕಿಕೊಂಡಿರಬೇಕು.

ಇನ್ನೊಂದು ಸುಳಿವು ಹಂಪಿನಿಂದ ಸಿಕ್ಕಿತು. ಎರಡೂ ಮುಂಚಕ್ರ ಒಟ್ಟಿಗೆ ಹತ್ತಿದರೆ ಸದ್ದಿಲ್ಲ. ಓರೆಯಾಗಿ, ಒಂದು ಚಕ್ರ ಮೊದಲು ಹತ್ತಿದರೆ ಕಿಚ್. ಅಂದರೆ ಗಾಡಿಯ ಮೈ ತಿರುಚಿದಾಗ ಮಾತ್ರ. ಗಟ್ಟಿ ಕಬ್ಬಿಣದ ಡಬ್ಬಿ ಎಂದು ನಾವು ತಿಳಿದಿರುವ ಗಾಡಿ ಒದ್ದೆ ಬಟ್ಟೆ ಹಿಂಡಿದ ಹಾಗೆ ಕೂದಲೆಳೆಯಷ್ಟು ತಿರುಚುತ್ತಲೇ ಇರುತ್ತದೆ, ಆ ತಿರುಚು ಎದ್ದು ಕಾಣುವುದು ಕಂಬಗಳ ಬುಡದಲ್ಲಿ, ಬಾಗಿಲುಗಳ ಮೂಲೆಯಲ್ಲಿ. ಪರೀಕ್ಷೆಗೆಂದೇ ಗಾಡಿ ಕಂಪನಿಗಳು ಬೆಲ್ಜಿಯಂ ಊರುಗಳ ಕಲ್ಲುಹಾಸಿನ ಬೀದಿಯನ್ನು ನಕಲು ಮಾಡಿ ತಮ್ಮ ಅಂಗಳದಲ್ಲಿ ಹಾಸಿಕೊಂಡಿರುತ್ತವೆ. ಕಾಶಿಯ ಗಲ್ಲಿಗಳ ಚಪ್ಪಡಿಯನ್ನು ನೋಡಿದ್ದರೆ ಅವರಿಗೆ ಖರ್ಚು ಉಳಿಯುತ್ತಿತ್ತು, ಗಾಡಿ ನುಗ್ಗುವ ಅಗಲವಿದ್ದಿದ್ದರೆ.

ಮನೆಗೆ ಬಂದು ಬಲ ಮುಂಚಕ್ರವನ್ನು ರಸ್ತೆಯಂಚಿನ ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿದೆ. ಇಂಜಿನ್ ಆರಿಸಿ, ಸಂದಿಸಂದಿಗೂ ಪೇಂಟರುಗಳ ಕಾಗದದ ಟೇಪು ಅಂಟಿಸಿದೆ. ಮಗಳು ಹೊರಗಿನಿಂದ ಗಾಡಿಯ ಮೂಲೆ ಅದುಮಿದಳು. ಸದ್ದಿಲ್ಲ. ಒಂದೊಂದೇ ಟೇಪು ಕಿತ್ತೆ. ಪ್ರತಿ ಸಲವೂ ಅದುಮು. ಏಳನೆಯದು ಕಿತ್ತಾಗ, ಕಿಚ್. ನನ್ನ ಕಡೆಯ ಕಂಬದ ಮುಚ್ಚಳ ಡ್ಯಾಶ್‌ಬೋರ್ಡಿಗೆ ಬಂದು ಕೂರುವ ಜಾಗ. ಅಂಗೈಯಿಂದ ಒತ್ತಿ ಹಿಡಿದರೆ ಮೌನ, ಬಿಟ್ಟರೆ ಕಿಚ್.

"ಅಪ್ಪಾ, ನಿಮ್ಮ ಮೂಗಿನ ಮುಂದೆಯೇ ಇತ್ತು" ಎಂದಳು.

ಕಂಬದ ಮುಚ್ಚಳ ತೆಗೆಯುವ ಮುನ್ನ ಓದುಗರಿಗೆ ಒಂದು ಮಾತು, ಇದರಲ್ಲಿ ತಮಾಷೆ ಇಲ್ಲ. ಕಂಬದ ಮೇಲೆ ಏರ್‌ಬ್ಯಾಗ್ ಎಂಬ ಅಕ್ಷರ ಮೂಡಿಸಿದ್ದರೆ ಅಲ್ಲಿಗೆ ಕೈ ಹಾಕಬೇಡಿ, ಕೆಲಸ ಬಲ್ಲವರಿಗೆ ಬಿಡಿ. ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಅದರ ಹಿಂದಿನಿಂದಲೇ ಹಾಯ್ದಿರುತ್ತದೆ. ಅಂಥ ಮುಚ್ಚಳದ ಲಾಕುಗಳು ಬೇರೆ ಬಗೆಯವು. ಕೆಲವನ್ನು ಒಮ್ಮೆ ತೆಗೆದರೆ ಹೊಸದೇ ಹಾಕಬೇಕು. ಏರ್‌ಬ್ಯಾಗಿನ ದಾರಿಯಲ್ಲಿ ಬಟ್ಟೆಯನ್ನೋ ಸ್ಪಂಜನ್ನೋ ತುಂಬಿದರೆ ಬೇಕಾದ ಕ್ಷಣದಲ್ಲಿ ಅದು ಬಿಚ್ಚಿಕೊಳ್ಳದೆ ಹೋಗಬಹುದು. ಹಳದಿ ಕನೆಕ್ಟರ್ ಕಂಡಲ್ಲಿ ಕೈ ಹಿಂದಕ್ಕೆ. ನನ್ನ ಗಾಡಿಯ ಕಂಬದಲ್ಲಿ ಏರ್‌ಬ್ಯಾಗ್ ಇರಲಿಲ್ಲ.

ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪ್ಲಾಸ್ಟಿಕ್ಕಿಗೆ ಗಾಯ. ಬಿದಿರಿನ ಸೀಳೊಂದನ್ನು ಚಪ್ಪಟೆ ಹೆರೆದು, ತುದಿಗೆ ಬಟ್ಟೆ ಸುತ್ತಿ, ಲಾಕ್ ಇರುವ ಪಕ್ಕಕ್ಕೇ ತೂರಿಸಿ ಮೆಲ್ಲಗೆ ಎಬ್ಬಿಸಿದೆ. ಚಳಿಯಲ್ಲಿ ಪ್ಲಾಸ್ಟಿಕ್ ಗಡುಸಾಗಿ ಬೇಗ ಮುರಿಯುತ್ತದೆ, ಹಾಗಾಗಿ ಬಿಸಿಲೇರಿದ ಮೇಲೆ ಮಾಡಿದ್ದು. ಮುಚ್ಚಳ ಕೈಗೆ ಬಂತು. ಮೂರು ಲಾಕಿನಲ್ಲಿ ಕೆಳಗಿನದರ ತಲೆಯೇ ಇರಲಿಲ್ಲ. ಆಗ ಹೊಳೆಯಿತು: ಡಿಸೆಂಬರಿನಲ್ಲಿ ಲಾರಿ ಚಕ್ರದಿಂದ ಕಲ್ಲು ಸಿಡಿದು ಮುಂಗಾಜು ಬದಲಿಸಿದ್ದೆ. ಗಾಜು ಕೂರಿಸಲು ಮುಚ್ಚಳ ಕಿತ್ತವರು ಮುರಿದ ಲಾಕನ್ನು ಹಾಗೇ ಒತ್ತಿ ಹೋಗಿದ್ದರು. ಪ್ಲಾಸ್ಟಿಕ್ಕಿನ ಅಂಚು ಡ್ಯಾಶ್‌ಬೋರ್ಡಿಗೆ ಉಜ್ಜಿದ ಕಡೆ ಉಗುರಿನಗಲದ ಹೊಳಪು ಕಲೆ. ಉಜ್ಜಾಟದ ಜಾಗ ಯಾವಾಗಲೂ ಹೀಗೆ ಮಿರುಗುತ್ತದೆ. ಕೆಲವೊಮ್ಮೆ ಸುತ್ತ ಬಿಳಿ ಪುಡಿ ಇರುತ್ತದೆ.

ಚಳಿಯಲ್ಲಿ ಮಾತ್ರ ಯಾಕೆ? ಪ್ಲಾಸ್ಟಿಕ್ ಕಬ್ಬಿಣಕ್ಕಿಂತ ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ, ಅಷ್ಟೇ ಕುಗ್ಗುತ್ತದೆ. ಒಂದು ಮೀಟರ್ ಉದ್ದದ ತುಂಡಿಗೆ 40 ಡಿಗ್ರಿ ವ್ಯತ್ಯಾಸವಾದರೆ ಕಬ್ಬಿಣ ಬದಲಾಗುವುದು ಅರ್ಧ ಮಿಲಿಮೀಟರ್, ಪ್ಲಾಸ್ಟಿಕ್ ಹತ್ತಿರ ಹತ್ತಿರ ಮೂರು. ನಮ್ಮದು ಜನವರಿಯ ನಸುಕಿನಲ್ಲಿ ಏಳೆಂಟು ಡಿಗ್ರಿಗೆ ಇಳಿದು ಮೇ ತಿಂಗಳಲ್ಲಿ 45 ಮುಟ್ಟುವ ಊರು. ಲಾಕ್ ಇಲ್ಲದ ಮುಚ್ಚಳ ಕುಗ್ಗಿದಾಗ ಒಂದು ಕಡೆ ತಾಗುತ್ತದೆ, ಹಿಗ್ಗಿದಾಗ ಅಲ್ಲಿಂದ ಸರಿಯುತ್ತದೆ. ಸರ್ವಿಸ್ ಹುಡುಗನಿಗೆ ಮಧ್ಯಾಹ್ನ ಕೇಳಿಸದೆ ಹೋದದ್ದು ಇದಕ್ಕೇ.

ಲಾಕು ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕಿತು, ಒಂದಕ್ಕೆ 15 ರೂಪಾಯಿ, ಮೂರನ್ನೂ ಬದಲಿಸಿದೆ. ನಡುವಿನ ಪದರಕ್ಕೆ ಮೊದಲು ಮನೆಯಲ್ಲಿದ್ದ ರೇಷ್ಮೆಯ ಚೂರು ಇಟ್ಟು ನೋಡಿದೆ. ನೇಕಾರರ ಮದನಪುರದ ಪಕ್ಕ ಇದ್ದುಕೊಂಡು ರೇಷ್ಮೆಗೆ ಬರವೇ? ಮೂರು ದಿನಕ್ಕೆ ಸವೆದು ಎಳೆ ಬಿಟ್ಟಿತು. ಸೋಫಾ ಹೊಲಿಯುವವರೊಬ್ಬರು ತಮ್ಮ ಅಂಗಡಿಯ ಕಸದಿಂದ ಮಖಮಲ್ಲಿನ ಪಟ್ಟಿಯೊಂದನ್ನು ಹೆಕ್ಕಿ ಕೊಟ್ಟರು. "ಭೈಯಾ, ಇದಕ್ಕೆ ರೋಮ ಇದೆ, ಅದು ಮಲಗುತ್ತೆ ಏಳುತ್ತೆ, ಸವೆಯಲ್ಲ" ಎಂದರು. ಹಿಡಿ-ಬಿಡು ಆಟವನ್ನು ಆ ರೋಮ ನುಂಗಿಕೊಳ್ಳುತ್ತದೆ. ಕಂಪನಿಗಳು ಅಂಟಿಸುವ ಫೆಲ್ಟ್ ಮಾಡುವುದೂ ಅದನ್ನೇ. ಹೊಳಪು ಕಲೆಯ ಧೂಳನ್ನು ಸ್ಪಿರಿಟ್‌ನಲ್ಲಿ ಒರೆಸಿ, ಎರಡು ಬೆರಳುದ್ದದ ಪಟ್ಟಿಯನ್ನು ಅಂಚಿಗೆ ಅಂಟಿಸಿದೆ. ಅಗ್ಗದ ಡಬಲ್ ಟೇಪು ಬೇಸಿಗೆಯಲ್ಲಿ ಬೆಲ್ಲದ ಪಾಕವಾಗಿ ಇಳಿಯುತ್ತದೆ. ಚಪ್ಪಲಿಗೆ ಹಾಕುವ ಗೋಂದು ತೆಳ್ಳಗೆ ಸವರಿ ಒಣಗಿಸಿ ಅಂಟಿಸಿದ್ದು ನಿಂತಿದೆ. ಒಟ್ಟು ಖರ್ಚು 45 ರೂಪಾಯಿ, ಎರಡು ಚಹಾ ಬೇರೆ.

ಮರುದಿನ ನಸುಕಿನಲ್ಲಿ ಗಯಾಕ್ಕೆ ಹೊರಟೆ, ದಾವಣಗೆರೆಯ ಒಂದು ಕುಟುಂಬ. ಅಷ್ಟು ದೂರವೂ ನಾನು ಮಾತಾಡದೆ ಕಿವಿ ತೆರೆದು ಕೂತಿದ್ದಕ್ಕೆ, ಡ್ರೈವರಿಗೆ ಏನೋ ಬೇಜಾರಿರಬೇಕು ಎಂದುಕೊಂಡರಂತೆ. ಸದ್ದು ಬರಲಿಲ್ಲ. ಅಜ್ಜಿಯ ಮಗನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಅಜ್ಜಿಯೇ ಫೋನು ಕಸಿದುಕೊಂಡು, "ಕೀಲೆಣ್ಣಿ ಹಾಕಿಸಿದಿ ಹೌದಿಲ್ಲೋ?" ಎಂದರು. ಹೌದ್ರಿ ಅವ್ವಾ ಅಂದೆ.

ಈಗ ಮೇ. ಮಧ್ಯಾಹ್ನ ಸ್ಟೇರಿಂಗ್ ಮುಟ್ಟಲಾಗುವುದಿಲ್ಲ. ಸಂಜೆ ಗಾಡಿ ನಿಲ್ಲಿಸಿ ಇಳಿದ ಮೇಲೆ, ಎಡಗಡೆ ಹಿಂದಿನ ಬಾಗಿಲೊಳಗಿನಿಂದ ಒಂದು ಸದ್ದು ಬರತೊಡಗಿದೆ. ಚಿಟ್ ಅಲ್ಲ, ಟಿಕ್ ಅಲ್ಲ. ಹುರಿಗಡಲೆ ಕಡಿದಂತೆ, ಆದರೆ ಅದಕ್ಕಿಂತ ಸ್ವಲ್ಪ ಹಸಿ. ಮಗಳು 'ಕಟುಂ' ಅನ್ನುತ್ತಾಳೆ, ನನಗೆ ಒಪ್ಪಿಗೆಯಿಲ್ಲ. ಡೈರಿಯಲ್ಲಿ ತಾರೀಖು ಬರೆದು, ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ.